ಡೇ-ನೈಟ್ ಲೆನ್ಸ್: ಬಿಸಿಲಿಗೆ ಹಿತ, ಕಣ್ಣಿಗಿಂತ ನಿಧಾನ

ನಾನು ಮಾಡಿಸಿಕೊಂಡಿದ್ದು ಬಿಸಿಲಿಗೆ ಕಪ್ಪಾಗುವ ಪ್ರೋಗ್ರೆಸಿವ್ ಲೆನ್ಸ್, ಅಂದರೆ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು. ಅಂಗಡಿಯವರು ಡೇ-ನೈಟ್ ಅನ್ನುತ್ತಾರೆ. ಡಬ್ಬಿಯ ಮೇಲೆ ಫೋಟೋಕ್ರೋಮಿಕ್ ಅಂತ ಬರೆದಿರುತ್ತದೆ. ಫ್ರೇಮ್ ಸೇರಿ ಹನ್ನೊಂದು ಸಾವಿರ ಆಯಿತು. ಇದೇ ನಂಬರಿಗೆ ಮಾಮೂಲಿ ಬಿಳಿ ಲೆನ್ಸ್ ಹಾಕಿಸಿದ್ದರೆ ಏಳೂವರೆಗೆ ಮುಗಿಯುತ್ತಿತ್ತು. ಅಂದರೆ ಕಪ್ಪಾಗುವ ಗುಣ ಒಂದಕ್ಕೇ ಮೂರೂವರೆ ಸಾವಿರ. ಆ ದುಡ್ಡಿಗೆ ಏನು ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ನಾನು ಹೇಳುವ ಕೊರತೆಗಳು ಈ ಜಾತಿಯ ಲೆನ್ಸ್‌ಗಳಿಗೆಲ್ಲ ಹೆಚ್ಚುಕಡಿಮೆ ಇದ್ದದ್ದೇ.

ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ವಯಸ್ಸು ಐವತ್ತು ದಾಟಿದೆ. ಓಡಾಟವೆಲ್ಲ ಸ್ಕೂಟರ್‌ನಲ್ಲಿ. ಬಿಸಿಲಿನಿಂದ ತರಗತಿಗೆ, ತರಗತಿಯಿಂದ ಬಿಸಿಲಿಗೆ, ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ವರ್ಷಾ ವರ್ಷ ಕಣ್ಣಿನ ಪಾಠ ಮಾಡುವವಳಿಗೆ ಇಂಥ ಕನ್ನಡಕ ಸಿಕ್ಕರೆ ಸುಮ್ನೆ ಹಾಕಿಕೊಂಡು ಓಡಾಡುವುದು ಕಷ್ಟ. ಕಣ್ಣಿನ ಪಕ್ಕದಲ್ಲೇ ಇಟ್ಟು ಅಳೆಯಬೇಕು ಅನ್ನಿಸುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಲಲ್ಲಿ ಕಣ್ಣು ಕಿರಿದು ಮಾಡುವ ಕಷ್ಟ ತಪ್ಪುತ್ತದೆ, ಅದು ನಿಜವಾದ ಸುಖ. ಆದರೆ ನೋಟ ಚುರುಕಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಳಗೆ ಬಂದಾಗಲಂತೂ ಈ ಲೆನ್ಸ್ ಕಣ್ಣಿಗೆ ಅಡ್ಡವೇ ಬರುತ್ತದೆ.

ಅಂಗಡಿಯ ಹುಡುಗ ಹೇಳಿದ್ದು ಇಷ್ಟು: “ಮೇಡಂ, ಬೆಳಕು ಜಾಸ್ತಿ ಆದ್ರೆ ತಾನಾಗೇ ಕಪ್ಪಾಗುತ್ತೆ. ಕಮ್ಮಿ ಆದ್ರೆ ತಾನಾಗೇ ಬಿಳಿ ಆಗುತ್ತೆ. ನಮ್ಮ ಕಣ್ಣಿನ ಥರಾನೇ.” ಮೊದಲ ಎರಡು ಮಾತಿಗೆ ಚಿಕ್ಕ ತಿದ್ದುಪಡಿ ಸಾಕು. ಮೂರನೆಯದನ್ನು ನಾನು ಒಪ್ಪುವುದಿಲ್ಲ.

ತಿದ್ದುಪಡಿ ಏನೆಂದರೆ, ಈ ಲೆನ್ಸ್ ನೋಡುವುದು ನಾವು ನೋಡುವ ಬೆಳಕನ್ನಲ್ಲ. ಅದು ಮುಖ್ಯವಾಗಿ ನೋಡುವುದು ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಅಲ್ಟ್ರಾವೈಲೆಟ್ ಕಿರಣವನ್ನು. 1960ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಸ್ಟೂಕಿ ಮತ್ತು ಆರ್ಮಿಸ್ಟೆಡ್ ಎಂಬಿಬ್ಬರು ಇಂಥ ಗಾಜನ್ನು ಮೊದಲು ಮಾಡಿದಾಗ ಅದರೊಳಗೆ ಬೆಳ್ಳಿಯ ಲವಣದ ಸಣ್ಣ ಹರಳುಗಳಿದ್ದವು. ಈಗಿನ ಪ್ಲಾಸ್ಟಿಕ್ ಲೆನ್ಸ್‌ನಲ್ಲಿ ಬೆಳ್ಳಿ ಇಲ್ಲ, ಇಂಗಾಲದ ದೊಡ್ಡ ಅಣುಗಳಿವೆ. ಅಲ್ಟ್ರಾವೈಲೆಟ್ ಬಿದ್ದಾಗ ಆ ಅಣುವಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಅಣು ಕಾಣುವ ಬೆಳಕನ್ನು ಹೀರುತ್ತದೆ, ಲೆನ್ಸ್ ಕಪ್ಪಾಗುತ್ತದೆ. ಮತ್ತೆ ಮುಚ್ಚಿಕೊಳ್ಳಲು ಬೇಕಾದ್ದು ಶಾಖ. ಅಂದರೆ ಸೆಕೆ ಇದ್ದಷ್ಟೂ ಬೇಗ ಮುಚ್ಚಿಕೊಳ್ಳುತ್ತದೆ. ಬಿಸಿಲು ಬಿಚ್ಚುತ್ತಾ ಇರುತ್ತದೆ, ಸೆಕೆ ಮುಚ್ಚುತ್ತಾ ಇರುತ್ತದೆ. ಈ ಎರಡರ ಜಗಳದಲ್ಲಿ ಎಷ್ಟು ಅಣುಗಳು ಬಿಚ್ಚಿಕೊಂಡು ಉಳಿದವೋ ಅಷ್ಟು ಕಪ್ಪು.

ಇದರ ಪರಿಣಾಮ ನಮ್ಮ ಕಡೆ ತಮಾಷೆಯಾಗಿದೆ. ಫಿಸಿಕ್ಸ್ ವಿಭಾಗದಿಂದ ಬೆಳಕು ಅಳೆಯುವ ಲಕ್ಸ್ ಮೀಟರ್ ತಂದು ಅಳೆದೆ. ಏಪ್ರಿಲ್ ಮಧ್ಯಾಹ್ನ ಕಾಲೇಜಿನ ಅಂಗಳದಲ್ಲಿ ಎಂಬತ್ತು ಸಾವಿರ ಲಕ್ಸ್ ಮೇಲೆ ತೋರಿಸುತ್ತಿತ್ತು. ಲೆನ್ಸ್ ಅಡ್ಡ ಹಿಡಿದು ಕಾದರೆ, ಅದರ ಮೂರನೇ ಒಂದು ಪಾಲಿನಷ್ಟು ಬೆಳಕು ಒಳಗೆ ಬಂತು. ನಾನು ಇನ್ನೂ ಕಪ್ಪಾಗಬಹುದು ಅಂದುಕೊಂಡಿದ್ದೆ. ಅದೇ ಕನ್ನಡಕವನ್ನು ಸ್ಟಾಫ್ ರೂಮಿನ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತಂದು ಅದೇ ಬಿಸಿಲಿಗೆ ಹಿಡಿದೆ. ಈಗ ಕಲ್ಲಿದ್ದಲಿನಂತೆ ಕಪ್ಪು! ಬೆಚ್ಚಗಾಗುತ್ತಾ ಹೋದ ಹಾಗೆ ಮತ್ತೆ ತಿಳಿಯಾಯಿತು.

ಹಾಗಾಗಿ ಸೆಕೆ ಜಾಸ್ತಿ ಇರುವ ಊರಿನಲ್ಲಿ, ಕಪ್ಪು ಲೆನ್ಸ್ ಬೇಕೇ ಬೇಕು ಅನ್ನುವಾಗಲೇ ಇದು ಅರ್ಧ ಮನಸ್ಸಿನಿಂದ ಕಪ್ಪಾಗುತ್ತದೆ. ಬಳ್ಳಾರಿಯಲ್ಲಿರುವ ನನ್ನ ತಂಗಿ ಇದನ್ನು ಹಾಕಿಕೊಂಡು ಮೇ ತಿಂಗಳ ಬಿಸಿಲಿಗೆ ನಿಂತು, “ಅಕ್ಕ, ಇದೇನು ಚಹಾ ಸೋಸಿದ ನೀರಿನ ಬಣ್ಣ” ಅಂತ ನಕ್ಕಳು. ಮಳೆಗಾಲದ ಮಲೆನಾಡಿನಲ್ಲಿ ಇದಕ್ಕೆ ಉಲ್ಟಾ. ಮೋಡ ಕಾಣುವ ಬೆಳಕನ್ನು ತಡೆಯುತ್ತದೆ, ಆದರೆ ಅಲ್ಟ್ರಾವೈಲೆಟ್ ಸಾಕಷ್ಟು ಇಳಿದು ಬರುತ್ತಲೇ ಇರುತ್ತದೆ. ಗಾಳಿಯೂ ತಣ್ಣಗೆ. ಜುಲೈನಲ್ಲಿ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ, ಮೊದಲೇ ಮಬ್ಬು ಕವಿದ ರಸ್ತೆ, ಅದರ ಮೇಲೆ ನನ್ನ ಕನ್ನಡಕ ಕಪ್ಪು. ಹೊರಗೆ ಸಿಗುವ ಬೆಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲೆನ್ಸೇ ತಿಂದುಹಾಕುತ್ತಿತ್ತು. ಯಾರು ಕೇಳಿದ್ದರು?

ಕಾರಿನ ವಿಷಯ ಬೇಗ ಮುಗಿಸುತ್ತೇನೆ. ಕಾರಿನ ಮುಂದಿನ ಗಾಜು ಅಲ್ಟ್ರಾವೈಲೆಟ್ ತಡೆಯುತ್ತದೆ, ಆದ್ದರಿಂದ ಒಳಗೆ ಲೆನ್ಸ್ ಹೆಚ್ಚುಕಡಿಮೆ ಬೆಳ್ಳಗೇ ಇರುತ್ತದೆ. ಹೆಲ್ಮೆಟ್ಟಿನ ವೈಸರ್ ಇಳಿಸಿದರೂ ಹಾಗೇ. ಬಸ್ಸಿನಲ್ಲಿ ಕಿಟಕಿ ತೆರೆದು ಕೂತರೆ ಕಪ್ಪಾಗುತ್ತದೆ. ಕಾರು ಓಡಿಸುವವರು ಈ ಮೂರೂವರೆ ಸಾವಿರವನ್ನು ಉಳಿಸಿಕೊಳ್ಳಬಹುದು.

ಇನ್ನು ಆ ಹುಡುಗನ ಮೂರನೇ ಮಾತಿಗೆ ಬರುತ್ತೇನೆ. ಕಣ್ಣಿನ ಥರಾನೇ?

ಒಂದು ಪ್ರಯೋಗ ಮಾಡಿ. ಬಿಸಿಲಲ್ಲಿ ನಿಂತು, ಲೆನ್ಸ್ ಪೂರ್ತಿ ಕಪ್ಪಾದ ಮೇಲೆ, ದಿನಪತ್ರಿಕೆ ಓದಿ. ಮೊದಲ ಕೆಲವು ಕ್ಷಣ ಮಬ್ಬು ಅನ್ನಿಸಬಹುದು. ಆಮೇಲೆ ಕಾಗದ ಬಿಳಿಯಾಗಿಯೇ ಇದೆ, ಅಕ್ಷರ ಕಪ್ಪಾಗಿಯೇ ಇದೆ. ಬೆಳಕಿನ ಮೂರನೇ ಎರಡು ಪಾಲು ಹೋಗಿದೆ ಅನ್ನುವುದು ಗೊತ್ತೇ ಆಗುವುದಿಲ್ಲ. ಕನ್ನಡಕವನ್ನು ತಟ್ಟನೆ ತೆಗೆದಾಗ ಮಾತ್ರ ಅಯ್ಯೋ ಅನ್ನಿಸುತ್ತದೆ. ಅದೂ ಒಂದೆರಡು ಉಸಿರಿನ ಹೊತ್ತು, ಅಷ್ಟೇ.

ಇದರ ಲೆಕ್ಕ ಹಾಕಿದರೆ ಕಣ್ಣಿನ ಮೇಲೆ ಗೌರವ ಬರುತ್ತದೆ. ದಿನಪತ್ರಿಕೆಯ ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 60 ಪಾಲು ವಾಪಸ್ ಕಳಿಸುತ್ತದೆ ಅಂತಿಟ್ಟುಕೊಳ್ಳಿ. ಮಸಿ ನೂರಕ್ಕೆ 5 ಪಾಲು. ಸ್ಟಾಫ್ ರೂಮಿನಲ್ಲಿ 300 ಲಕ್ಸ್ ಇದ್ದರೆ ಬಿಳಿ ಕಾಗದದಿಂದ ಬರುವುದು 180ರಷ್ಟು. ಹೊರಗೆ 80,000 ಲಕ್ಸ್‌ನಲ್ಲಿ ಕಪ್ಪು ಅಕ್ಷರದಿಂದ ಬರುವುದು 4,000. ಅಂದರೆ ಬಿಸಿಲಿನ ಕಪ್ಪು ಅಕ್ಷರ, ಕೋಣೆಯ ಬಿಳಿ ಕಾಗದಕ್ಕಿಂತ ಇಪ್ಪತ್ತು ಪಟ್ಟು ಜಾಸ್ತಿ ಬೆಳಕು ಕಳಿಸುತ್ತಿದೆ! ಆದರೂ ನಮಗೆ ಅಲ್ಲಿ ಕಾಣುವುದು ಕಪ್ಪು, ಇಲ್ಲಿ ಕಾಣುವುದು ಬಿಳಿ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಕಣ್ಣಿಗೆ ಬೇಕಾದ್ದು ಎಷ್ಟು ಬೆಳಕು ಅನ್ನುವುದಲ್ಲ. ಅಕ್ಕಪಕ್ಕಕ್ಕೆ ಹೋಲಿಸಿದರೆ ಎಷ್ಟು ಪಟ್ಟು ಅನ್ನುವುದು. ಕಾಗದಕ್ಕೂ ಮಸಿಗೂ ಇರುವ ಹನ್ನೆರಡು ಪಟ್ಟಿನ ಅಂತರ ಬಿಸಿಲಲ್ಲೂ ಅಷ್ಟೇ, ಕೋಣೆಯಲ್ಲೂ ಅಷ್ಟೇ. ಕಪ್ಪು ಲೆನ್ಸ್ ಎರಡನ್ನೂ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ, ಹಾಗಾಗಿ ಆ ಹನ್ನೆರಡು ಪಟ್ಟು ಹನ್ನೆರಡಾಗಿಯೇ ಉಳಿಯುತ್ತದೆ. ಈ ಅಂತರಕ್ಕೆ ಕಾಂಟ್ರಾಸ್ಟ್ ಅನ್ನುತ್ತಾರೆ. ನನ್ನ ಲೆನ್ಸ್ ಅದನ್ನು ಮುಟ್ಟುವುದೇ ಇಲ್ಲ. ನೋಟ ಚುರುಕಾಗುವುದಿಲ್ಲ ಅಂತ ಮೇಲೆ ಹೇಳಿದ್ದು ಇದಕ್ಕೇ.

ಕಣ್ಣು ಹೀಗೆ ಯಾಕೆ ಮಾಡುತ್ತದೆ? ಅದಕ್ಕೆ ಬೇರೆ ದಾರಿ ಇಲ್ಲ. ನಕ್ಷತ್ರಗಳಷ್ಟೇ ಇರುವ ರಾತ್ರಿಗೂ ನಡುಮಧ್ಯಾಹ್ನಕ್ಕೂ ಬೆಳಕಿನಲ್ಲಿ ಹತ್ತು ಕೋಟಿ ಪಟ್ಟು ವ್ಯತ್ಯಾಸ ಇದೆ. ಕಣ್ಣಿನ ಹಿಂಬದಿಯ ಪರದೆ ರೆಟಿನಾ, ಅಲ್ಲಿಂದ ಮಿದುಳಿಗೆ ಸುದ್ದಿ ಒಯ್ಯುವ ನರಕೋಶ ಸೆಕೆಂಡಿಗೆ ಕೆಲವು ನೂರು ಸಲಕ್ಕಿಂತ ಜಾಸ್ತಿ ಮಿಡಿಯಲಾರದು. ಚಿನ್ನ ತೂಗುವ ತಕ್ಕಡಿಯಲ್ಲೇ ಭತ್ತದ ಮೂಟೆಯನ್ನೂ ತೂಗು ಅಂದ ಹಾಗಾಯಿತು. ಹೊತ್ತು ಹೊತ್ತಿಗೂ ತಕ್ಕಡಿಯ ಬಟ್ಟನ್ನೇ ಬದಲಿಸುತ್ತಾ ಇರಬೇಕು.

ಈ ಕೆಲಸವನ್ನು ಪಾಪೆ ಮಾಡುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ. ಪಾಪೆಯ ಅಗಲ ಹೆಚ್ಚೆಂದರೆ 2 ಮಿಲಿಮೀಟರಿನಿಂದ 8ಕ್ಕೆ ಹೋಗುತ್ತದೆ. ಬೆಳಕಿನ ಲೆಕ್ಕದಲ್ಲಿ ಅದು ಹದಿನಾರು ಪಟ್ಟು, ಅಷ್ಟೇ. ವಯಸ್ಸಾದವರಲ್ಲಿ ಅದೂ ಇಲ್ಲ. ಹತ್ತು ಕೋಟಿಯ ಮುಂದೆ ಹದಿನಾರು ಯಾವ ಲೆಕ್ಕ? ನಿಜವಾದ ಕೆಲಸ ನಡೆಯುವುದು ರೆಟಿನಾದ ಕೋಶಗಳಲ್ಲಿ. ಅದರಲ್ಲಿ ಎರಡು ಜಾತಿ: ಮಬ್ಬಿಗೆ ರಾಡ್ ಕೋಶ, ಸುಮಾರು 10 ಕೋಟಿ. ಹಗಲಿಗೆ ಕೋನ್ ಕೋಶ, 50–60 ಲಕ್ಷ. ಹಗಲಿನಲ್ಲಿ ರಾಡ್‌ಗಳು ಬೆಳಕು ಜಾಸ್ತಿಯಾಗಿ ಕೈಚೆಲ್ಲಿ ಕೂತಿರುತ್ತವೆ. ಆಟ ಎಲ್ಲಾ ಕೋನ್‌ಗಳದ್ದು.

ಬೆಳಕು ಬಿದ್ದಾಗ ಕೋನ್ ಕೋಶದ ಪೊರೆಯಲ್ಲಿರುವ ಬಾಗಿಲುಗಳು ಮುಚ್ಚುತ್ತವೆ. ಬಾಗಿಲು ಮುಚ್ಚಿದ್ದೇ ಸುದ್ದಿ. ಆದರೆ ಅದೇ ಬಾಗಿಲಿನಿಂದ ಕ್ಯಾಲ್ಸಿಯಂ ಕೂಡ ಒಳಗೆ ಬರುತ್ತಿತ್ತು, ಅದೂ ನಿಂತಿತು. ಒಳಗೆ ಕ್ಯಾಲ್ಸಿಯಂ ಇಳಿದ ಕೂಡಲೇ, ಬಾಗಿಲನ್ನು ಮತ್ತೆ ತೆರೆಸುವ ರಾಸಾಯನಿಕ ಜೋರಾಗಿ ತಯಾರಾಗುತ್ತದೆ. ಹೀಗೆ ಬೆಳಕು ಜಾಸ್ತಿಯೇ ಇದ್ದರೂ ಕೋಶ ಮತ್ತೆ ಸುಮಾರಾಗಿ ನಡುವಿನ ಸ್ಥಿತಿಗೆ ಬಂದು, ಮುಂದಿನ ಏರಿಳಿತಕ್ಕೆ ಸಿದ್ಧವಾಗಿ ನಿಲ್ಲುತ್ತದೆ. ಇದಕ್ಕೆ ನಿಮಿಷ ಬೇಕಿಲ್ಲ, ಸೆಕೆಂಡುಗಳ ಮಾತು. ಇದರ ಮೇಲೆ ಅಕ್ಕಪಕ್ಕದ ಕೋಶಗಳು ಒಂದನ್ನೊಂದು ತಗ್ಗಿಸುತ್ತವೆ. ಸುತ್ತಲೂ ಬೆಳಕು ಜಾಸ್ತಿ ಇದ್ದರೆ ಆ ಪಾಲನ್ನು ಕಳೆದು, ಉಳಿದದ್ದನ್ನಷ್ಟೇ ಮುಂದೆ ಕಳಿಸುತ್ತವೆ. ಇಂಥ ತಗ್ಗಿಸುವಿಕೆಯನ್ನು ಹಾರ್ಟ್‌ಲೈನ್ ಎಂಬ ವಿಜ್ಞಾನಿ ಕುದುರೆ ಲಾಳದ ಆಕಾರದ ಏಡಿಯ ಕಣ್ಣಿನಲ್ಲಿ ತೋರಿಸಿದರು. 1967ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು.

ಈಗ ಲೆನ್ಸ್ ಪಕ್ಕಕ್ಕೆ ಇಟ್ಟು ನೋಡಿ. ಹೊರಗೆ ಹೋದಾಗ ಲೆನ್ಸ್ ಚೆನ್ನಾಗಿ ಕಪ್ಪಾಗಲು ಅರ್ಧ ನಿಮಿಷದಿಂದ ಒಂದು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕಣ್ಣು ತನ್ನ ಹೊಂದಾಣಿಕೆಯ ಬಹುಪಾಲನ್ನು ಮುಗಿಸಿಬಿಟ್ಟಿರುತ್ತದೆ. ಅಂದರೆ ಸಹಾಯ ಬೇಕಾದ ಮೊದಲ ಕ್ಷಣಗಳಲ್ಲಿ ಲೆನ್ಸ್ ಬಿಳಿ, ಕಣ್ಣು ಹೊಂದಿಕೊಂಡ ಮೇಲೆ ಕಪ್ಪು. ಆಮೇಲೂ ಹಿತ ಇದೆ, ಇಲ್ಲ ಅನ್ನುವುದಿಲ್ಲ. ಹುಬ್ಬು ಗಂಟಿಕ್ಕುವುದು ತಪ್ಪಿ, ಸಾಯಂಕಾಲ ನನಗೆ ಹಣೆ ನೋವು ಬರುವುದು ಕಡಿಮೆಯಾಗಿದೆ. ಆದರೆ ಅದು ನೋಟದ ಸಹಾಯವಲ್ಲ, ಮೈಯ ಹಿತ.

ನಿಜವಾದ ತೊಂದರೆ ಒಳಗೆ ಬರುವಾಗ. ಗಂಟೆ ಹೊಡೆದ ಮೇಲೆ ಅಂಗಳ ದಾಟಿ ತರಗತಿಗೆ ಬಂದರೆ ಕೋಣೆಯ ಬೆಳಕು ಹೊರಗಿನದಕ್ಕಿಂತ ಇನ್ನೂರು ಮುನ್ನೂರು ಪಟ್ಟು ಕಮ್ಮಿ. ಬರಿಗಣ್ಣಾಗಿದ್ದರೆ ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ಕೆಲಸ ನಡೆಯುವಷ್ಟು ಕಾಣುತ್ತಿತ್ತು. ಈಗ ಮೊದಲ ಒಂದೆರಡು ನಿಮಿಷ ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ ಅಂತಲೇ ಸರಿಯಾಗಿ ತಿಳಿಯುವುದಿಲ್ಲ. ಲೆನ್ಸ್ ಪೂರ್ತಿ ಬಿಳಿಯಾಗಲು ನಾಲ್ಕೈದು ನಿಮಿಷ ಬೇಕು, ಚಳಿ ಇದ್ದರೆ ಇನ್ನೂ ಜಾಸ್ತಿ. ಕಣ್ಣು ಸಿದ್ಧವಾಗಿ ಕಾಯುತ್ತಾ ಇರುತ್ತದೆ, ಲೆನ್ಸ್ ಇನ್ನೂ ಬಿಸಿಲಿನಲ್ಲೇ ಇರುತ್ತದೆ. ಹುಡುಗರಿಗೆ ಇದು ಗೊತ್ತಾಗಿ, ಲೇಟಾಗಿ ಬರುವವರು ಆ ಹೊತ್ತಿನಲ್ಲೇ ಹಿಂದಿನ ಬಾಗಿಲಿನಿಂದ ನುಸುಳುತ್ತಾರೆ. ಪ್ರತಿಭೆ, ಬಿಡಿ.

ಮ್ಯಾಟಿನಿ ಸಿನಿಮಾಕ್ಕೆ ಹೋಗುವವರಿಗೆ ಇದು ಇನ್ನೂ ಕಷ್ಟ. ಥಿಯೇಟರಿನ ಕತ್ತಲೆಗೆ ಕೋನ್‌ಗಳು ಹೊಂದಿಕೊಳ್ಳಲು ಐದರಿಂದ ಹತ್ತು ನಿಮಿಷ ಬೇಕು. ಆಮೇಲೆ ರಾಡ್‌ಗಳ ಸರದಿ. ಬಿಸಿಲಲ್ಲಿ ಕರಗಿಹೋದ ಅವುಗಳ ಬಣ್ಣದ ವಸ್ತು, ರೊಡಾಪ್ಸಿನ್, ಮತ್ತೆ ತುಂಬಿಕೊಳ್ಳಲು ಅರ್ಧ ಗಂಟೆಯ ಮೇಲಾಗುತ್ತದೆ. ಅದಕ್ಕೆ ವಿಟಮಿನ್ ಎ ಬೇಕು. ಅದು ಸಾಲದಿದ್ದರೆ ಇರುಳುಗುರುಡು. ಇಷ್ಟೆಲ್ಲಾ ನಡೆಯುವಾಗ ಮೂಗಿನ ಮೇಲೆ ಅರೆಗಪ್ಪು ಗಾಜು ಬೇರೆ. ಮೆಟ್ಟಿಲು ಇಳಿಯುವಾಗ ಜೊತೆಯವರ ಕೈ ಹಿಡಿದುಕೊಳ್ಳಿ. ವೈಸರ್ ಎತ್ತಿಕೊಂಡು ಬೈಕ್ ಓಡಿಸುವವರು ಸುರಂಗದ ರಸ್ತೆಗೆ ಬಂದರೆ ಇದೇ ಕಥೆ, ಅಪಾಯ ಮಾತ್ರ ಜಾಸ್ತಿ. ಸುರಂಗ ಕಟ್ಟುವವರಿಗೆ ಕಣ್ಣಿನ ಈ ನಿಧಾನ ಗೊತ್ತು, ಅದಕ್ಕೇ ಹಗಲಿನಲ್ಲಿ ಬಾಯಿಯ ಹತ್ತಿರ ದೀಪ ಜಾಸ್ತಿ ಹಾಕಿ ಒಳಗೆ ಹೋದಂತೆ ಕಡಿಮೆ ಮಾಡುತ್ತಾರೆ. ಆದರೆ ಅವರ ಲೆಕ್ಕದಲ್ಲಿ ನನ್ನ ಲೆನ್ಸಿನ ನಾಲ್ಕು ನಿಮಿಷ ಇಲ್ಲ.

ಈ ಕನ್ನಡಕದಿಂದ ಒಂದು ಅನಿರೀಕ್ಷಿತ ಲಾಭ ಆಯಿತು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ಎಡಗಡೆ ಲೆನ್ಸಿಗೆ ಎರಡೂ ಬದಿ ಕಪ್ಪು ಕಾಗದ ಅಂಟಿಸಿದೆ. ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಬಿಸಿಲಿಗೆ ಹಿಡಿದೆ. ಬಲಗಡೆ ಮಾತ್ರ ಕಪ್ಪಾಯಿತು. ತರಗತಿಗೆ ಓಡಿ ಬಂದು ಕಾಗದ ಕಿತ್ತು ಹಾಕಿಕೊಂಡೆ. ಒಬ್ಬ ಹುಡುಗಿ ದಾರಕ್ಕೆ ಕಟ್ಟಿದ ಬೀಗದ ಕೈಯನ್ನು ನನ್ನ ಎದುರು ಎಡಕ್ಕೂ ಬಲಕ್ಕೂ ತೂಗಿದಳು. ಅದು ನೇರ ಗೆರೆಯಲ್ಲಿ ಓಲಾಡುತ್ತಿತ್ತು, ತರಗತಿಯೆಲ್ಲ ನೋಡುತ್ತಿತ್ತು. ನನಗೆ ಕಂಡಿದ್ದು ಮಾತ್ರ ಮೊಟ್ಟೆಯಾಕಾರದ ಸುತ್ತು! ಎಡದಿಂದ ಬಲಕ್ಕೆ ಹೋಗುವಾಗ ಕೀಲಿ ನನ್ನ ಹತ್ತಿರ ಬರುತ್ತಿತ್ತು, ಬಲದಿಂದ ಎಡಕ್ಕೆ ಹೋಗುವಾಗ ದೂರ ಸರಿಯುತ್ತಿತ್ತು. ಲೆನ್ಸ್ ತಿಳಿಯಾಗುತ್ತಾ ಬಂದ ಹಾಗೆ ಸುತ್ತು ತೆಳ್ಳಗಾಗುತ್ತಾ ಬಂದು, ಕೊನೆಗೆ ನೇರ ಗೆರೆಯಾಯಿತು. ಆಮೇಲೆ ಸಾಲಾಗಿ ನಿಂತ ಮಕ್ಕಳಿಗೆಲ್ಲ ತೋರಿಸಬೇಕಾಯಿತು. ನನ್ನ ನಂಬರ್ ಹೊಂದದವರಿಗೂ ಸುತ್ತು ಕಂಡಿತು.

ಇದನ್ನು 1922ರಲ್ಲಿ ವಿವರಿಸಿದವರು ಜರ್ಮನಿಯ ಕಾರ್ಲ್ ಪುಲ್‌ಫ್ರಿಷ್. ಇದು ಕಾಣಬೇಕಾದರೆ ಎರಡು ಕಣ್ಣು ಬೇಕು. ಪುಲ್‌ಫ್ರಿಷ್ ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತಮ್ಮ ಹೆಸರಿನ ಈ ಬೆರಗನ್ನು ಅವರು ಸ್ವತಃ ನೋಡಲೇ ಇಲ್ಲ.

ಕಾರಣ ಹೀಗಿದೆ. ಬೆಳಕು ಕಮ್ಮಿ ಬಿದ್ದ ಕಣ್ಣಿನ ಕೋಶಗಳು ಸ್ವಲ್ಪ ಜಾಸ್ತಿ ಹೊತ್ತು ಬೆಳಕು ಕೂಡಿಸಿಕೊಂಡು ಆಮೇಲೆ ಸುದ್ದಿ ಕಳಿಸುತ್ತವೆ. ಚೂರು ಚೂರು ಬೆಳಕಿನಲ್ಲಿ ಅವಸರ ಮಾಡಿದರೆ ತಪ್ಪು ಸುದ್ದಿ ಹೋಗುತ್ತದೆ, ಅದಕ್ಕೆ ಕಾಯುತ್ತವೆ. ಈ ತಡ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು. ಬಲಗಣ್ಣು ಕೀಲಿ ಸ್ವಲ್ಪ ಹಿಂದೆ ಇದ್ದ ಜಾಗವನ್ನು ಈಗ ಹೇಳುತ್ತಿದೆ, ಎಡಗಣ್ಣು ಈಗಿನ ಜಾಗವನ್ನು ಹೇಳುತ್ತಿದೆ. ಎರಡು ಕಣ್ಣಿನ ಚಿತ್ರ ಬೇರೆ ಬೇರೆ ಜಾಗದಲ್ಲಿದ್ದರೆ ಮಿದುಳು ಅದನ್ನು ದೂರ-ಹತ್ತಿರ ಅಂತ ಓದುತ್ತದೆ. ಬೆಳಕಿಗೆ ಹೊಂದಿಕೊಳ್ಳುವುದು ಅಂದರೆ ಬರೀ ಹೆಚ್ಚು-ಕಮ್ಮಿ ಮಾಡಿಕೊಳ್ಳುವುದಲ್ಲ, ನರಕೋಶದ ವೇಗವೇ ಬದಲಾಗುತ್ತದೆ. ಎರಡೂ ಲೆನ್ಸ್ ಕಪ್ಪಾಗಿದ್ದಾಗ ಸುತ್ತು ಕಾಣುವುದಿಲ್ಲ, ಆದರೆ ಎರಡೂ ಕಣ್ಣು ಒಟ್ಟಿಗೆ ತಡ ಮಾಡುತ್ತಿರುತ್ತವೆ. ಮಬ್ಬಿನ ಹೊತ್ತಿನಲ್ಲಿ ಕಪ್ಪು ಕನ್ನಡಕ ಹಾಕಿ ಗಾಡಿ ಓಡಿಸಬೇಡಿ ಅಂತ ನಾನು ಮಕ್ಕಳಿಗೆ ಹೇಳುವುದು ಇದನ್ನು ತೋರಿಸಿದ ಮೇಲೆ.

ಇನ್ನು ಕಣ್ಣು ಕೋರೈಸುವ ಝಳದ ವಿಷಯ. ಎದುರು ಸೂರ್ಯ ಇದ್ದಾಗ ಕಣ್ಣೊಳಗೇ ಬೆಳಕು ಚೆದುರಿ, ನೋಟದ ಮೇಲೆ ತೆಳು ಬಿಳಿ ಪರದೆ ಬಿದ್ದಂತಾಗುತ್ತದೆ. ಇದು ಬಿಳಿಗೂ ಕಪ್ಪಿಗೂ ಒಂದೇ ಸಮ ಬೆಳಕು ಸೇರಿಸುವುದರಿಂದ ಕಾಂಟ್ರಾಸ್ಟ್ ಬಿದ್ದುಹೋಗುತ್ತದೆ. ಪೊರೆ ಬರುತ್ತಿರುವ ಕಣ್ಣಿಗೆ ಇದು ಇನ್ನೂ ಜಾಸ್ತಿ. ಕಪ್ಪು ಲೆನ್ಸ್ ಇದನ್ನು ಸರಿ ಮಾಡಲಾರದು. ಅದು ವಸ್ತುವಿನ ಬೆಳಕನ್ನೂ ಪರದೆಯ ಬೆಳಕನ್ನೂ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. ಇದಕ್ಕೆ ಬೇಕಾದ್ದು ಸೂರ್ಯನನ್ನೇ ಮರೆ ಮಾಡುವ ಅಂಚು. ಜಾತ್ರೆಯಲ್ಲಿ ನೂರು ರೂಪಾಯಿಗೆ ತಂದ ನನ್ನ ಟೋಪಿ ಈ ಕೆಲಸವನ್ನು ಹನ್ನೊಂದು ಸಾವಿರದ ಕನ್ನಡಕಕ್ಕಿಂತ ಚೆನ್ನಾಗಿ ಮಾಡುತ್ತದೆ. ಒದ್ದೆ ರಸ್ತೆ, ಕೆರೆ ನೀರು, ಮುಂದಿನ ಕಾರಿನ ಗಾಜು, ಇವುಗಳಿಂದ ಹಾಯುವ ಹೊಳಪಿಗೆ ಪೋಲರೈಸ್ಡ್ ಲೆನ್ಸ್ ಬೇಕು. ಅದು ಆ ಹೊಳಪನ್ನು ಬೇರೆ ಬೆಳಕಿಗಿಂತ ಜಾಸ್ತಿ ತಡೆಯುತ್ತದೆ, ಹಾಗಾಗಿ ಕಾಂಟ್ರಾಸ್ಟ್ ನಿಜವಾಗಿಯೂ ಮೇಲೇಳುತ್ತದೆ. ಭಾವನ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ತುಂಗಾ ನದಿಯ ದಡದಲ್ಲಿ ನಿಂತಾಗ ನೀರಿನೊಳಗಿನ ಕಲ್ಲು ಕಂಡಿತು. ನನ್ನದರಲ್ಲಿ ಹೊಳಪೇ ಕಂಡಿತು, ಸ್ವಲ್ಪ ಕಂದು ಬಣ್ಣದಲ್ಲಿ.

ಕಾಂಟ್ರಾಸ್ಟ್‌ಗೂ ಕಣ್ಣು ಹೊಂದಿಕೊಳ್ಳುತ್ತದೆ ಅನ್ನುವುದು ಪಾಠಪುಸ್ತಕದಲ್ಲಿ ಇಲ್ಲ, ಇರಬೇಕಿತ್ತು. 1997ರಲ್ಲಿ ಮಾರ್ಕಸ್ ಮೈಸ್ಟರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸಲಮಾಂಡರ್ (ಕಪ್ಪೆಯ ಬಳಗದ, ಬಾಲ ಇರುವ ಪ್ರಾಣಿ) ಮತ್ತು ಮೊಲದ ರೆಟಿನಾಗಳಿಗೆ ಮಿನುಗುವ ಪರದೆ ತೋರಿಸಿದರು. ಸರಾಸರಿ ಬೆಳಕು ಬದಲಾಗಲಿಲ್ಲ, ಏರಿಳಿತ ಮಾತ್ರ ಜಾಸ್ತಿ ಮಾಡಿದರು. ನರಕೋಶಗಳು ಮೊದಲು ಜೋರಾಗಿ ಮಿಡಿದವು. ಆಮೇಲೆ ಹತ್ತಾರು ಸೆಕೆಂಡಿನಲ್ಲಿ ನಿಧಾನವಾಗಿ ತಣ್ಣಗಾದವು. ಏರಿಳಿತ ಕಡಿಮೆ ಮಾಡಿದಾಗ ಮೊದಲು ಸುಮ್ಮನಾಗಿ, ನಿಧಾನವಾಗಿ ಮತ್ತೆ ಚುರುಕಾದವು. ಮನುಷ್ಯರಲ್ಲಿ ಇದರ ಇನ್ನೊಂದು ಮುಖವನ್ನು ಬ್ಲೇಕ್‌ಮೋರ್ ಮತ್ತು ಕ್ಯಾಂಪ್‌ಬೆಲ್ 1969ರಲ್ಲೇ ತೋರಿಸಿದ್ದರು. ಗಾಢವಾದ ಕಪ್ಪು-ಬಿಳಿ ಪಟ್ಟೆಗಳನ್ನು ಒಂದು ನಿಮಿಷ ನೋಡಿ, ಆಮೇಲೆ ಅದೇ ದಿಕ್ಕಿನ, ಅದೇ ಅಗಲದ ತೀರಾ ಮಂಕು ಪಟ್ಟೆ ನೋಡಿದರೆ ಕಾಣುವುದೇ ಇಲ್ಲ. ಪಟ್ಟೆಯನ್ನು ಅಡ್ಡ ತಿರುಗಿಸಿದರೆ ಕಾಣುತ್ತದೆ. ದಿಕ್ಕು ಗುರುತಿಸುವ ಕೋಶಗಳು ಇರುವುದು ಮಿದುಳಿನ ಹಿಂಭಾಗದಲ್ಲಿ, ಅಂದರೆ ಈ ಹೊಂದಾಣಿಕೆ ಕಣ್ಣಿನಲ್ಲಿ ಮುಗಿಯುವುದಿಲ್ಲ. ಮನೆಯಲ್ಲೇ ಮಾಡಿ ನೋಡಬಹುದು, ಎರಡು ಪ್ರಿಂಟ್ ಸಾಕು.

ಇದನ್ನು ಯಾಕೆ ಹೇಳಿದೆ ಅಂದರೆ, ಆಗುಂಬೆಯ ಮಂಜಿನಲ್ಲಿ ಸ್ವಲ್ಪ ಹೊತ್ತು ಇದ್ದ ಮೇಲೆ ಮಸುಕು ಮರಗಳೂ ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಆ ಚುರುಕನ್ನು ಯಾವ ಲೆನ್ಸೂ ಕೊಟ್ಟಿದ್ದಲ್ಲ. ಅಲ್ಲಿ ನಾನು ಮಾಡಿದ್ದು ಒಂದೇ, ಕಪ್ಪಾಗಿದ್ದ ಕನ್ನಡಕ ತೆಗೆದು ಹಳೆಯ ಬಿಳಿ ಕನ್ನಡಕ ಹಾಕಿಕೊಂಡಿದ್ದು.

ಒಳ್ಳೆಯದನ್ನೂ ಹೇಳಬೇಕು. ಲೆನ್ಸ್ ಬಿಳಿ ಇದ್ದಾಗಲೂ ಅಲ್ಟ್ರಾವೈಲೆಟ್ ತಡೆಯುತ್ತದೆ. ರಸ್ತೆ ಬದಿಯ ನೂರು ರೂಪಾಯಿ ಕೂಲಿಂಗ್ ಗ್ಲಾಸಿನಲ್ಲಿ ಆ ಭರವಸೆ ಇಲ್ಲ. ಆದರೆ ಈಗಿನ ಅನೇಕ ಬಿಳಿ ಲೆನ್ಸ್‌ಗಳಲ್ಲೂ ಆ ತಡೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಎರಡು ಕನ್ನಡಕ ಹೊತ್ತು ಓಡಾಡುವ ರಗಳೆ ಇಲ್ಲ ಅನ್ನುವುದೂ ನಿಜ, ನನ್ನಂಥ ಮರೆಗುಳಿಗಳಿಗೆ ಅದು ಸಣ್ಣ ಮಾತಲ್ಲ. ದಿನವಿಡೀ ಬಯಲಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ವಿಷಯ. ಕಡಲ ತೀರದ ಬಿಸಿಲಲ್ಲಿ ಗಂಟೆಗಟ್ಟಲೆ ಇದ್ದವರ ಕಣ್ಣು ಆ ರಾತ್ರಿ ಕತ್ತಲೆಗೆ ಹೊಂದಿಕೊಳ್ಳಲು ತಡ ಮಾಡುತ್ತದೆ ಅಂತ 1940ರ ದಶಕದಲ್ಲಿ ಸೆಲಿಗ್ ಹೆಕ್ಟ್ ಮತ್ತು ಜೊತೆಯವರು ಅಳೆದು ತೋರಿಸಿದ್ದರು. ಕಪ್ಪು ಕನ್ನಡಕ ಇದನ್ನು ತಡೆಯುತ್ತದೆ. ಆದರೆ ಅದಕ್ಕೆ ಗಟ್ಟಿ ಕಪ್ಪೇ ಬೇಕು. ಸೆಕೆಯಲ್ಲಿ ಚಹಾ ಬಣ್ಣಕ್ಕೆ ನಿಲ್ಲುವ ನನ್ನ ಲೆನ್ಸ್ ಸಾಲದು.

ಐದಕ್ಕೆ ಎರಡೂವರೆ ಕೊಡುತ್ತೇನೆ. ಪಾಠಕ್ಕೆ ಬಂದ ಉಪಯೋಗ ಸೇರಿಸಿದರೆ ಮೂರೂವರೆ, ಆದರೆ ಅದು ನಿಮಗೆ ಲೆಕ್ಕಕ್ಕಿಲ್ಲ. ಆಫೀಸು-ಮನೆ ಅಂತ ನಡೆದು ಓಡಾಡುವವರು, ಒಂದೇ ಕನ್ನಡಕ ಸಾಕು ಅನ್ನುವವರು ಧಾರಾಳವಾಗಿ ತೆಗೆದುಕೊಳ್ಳಿ. ಗಾಡಿ ಜಾಸ್ತಿ ಓಡಿಸುವವರು, ಬಯಲುಸೀಮೆಯ ಬಿಸಿಲಿನವರು, ಒಳಗೆ-ಹೊರಗೆ ಪದೇ ಪದೇ ಓಡುವ ನನ್ನಂಥವರು ಬಿಳಿ ಲೆನ್ಸ್ ಮಾಡಿಸಿ. ಉಳಿದ ದುಡ್ಡಿಗೆ ಒಂದಿಷ್ಟು ಸೇರಿಸಿ ದೂರದ ನಂಬರಿಗೆ ಪೋಲರೈಸ್ಡ್ ಒಂದು ಜೋಡಿ ಮಾಡಿಸಿಟ್ಟುಕೊಳ್ಳಿ. ನನ್ನ ಮುಂದಿನ ಸಲ ಹಾಗೇ. ಬಣ್ಣದ ಅಣುಗಳಿಗೂ ವಯಸ್ಸಾಗುತ್ತದೆ. ಎರಡು ಮೂರು ವರ್ಷದಲ್ಲಿ ಕಪ್ಪು ಕಡಿಮೆಯಾಗುತ್ತಾ, ಬಿಳಿ ಇರಬೇಕಾದಾಗ ಹಳದಿ ಉಳಿಯುತ್ತಾ ಬರುತ್ತದೆ.

ಕೊಳ್ಳುವುದೇ ಆದರೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಚಿಕ್ಕ ನೀಲಿ ಟಾರ್ಚ್ ಹಿಡಿದು, ನೋಡಿ ಹೇಗೆ ಕಪ್ಪಾಯ್ತು ಅಂತ ತೋರಿಸುತ್ತಾರೆ. ಅದು ಅಲ್ಟ್ರಾವೈಲೆಟ್ ಟಾರ್ಚ್. ಅಂಗಡಿಯಲ್ಲಿ ಏಸಿ ಬೇರೆ ಇರುತ್ತದೆ. ತಣ್ಣಗಿನ ಲೆನ್ಸ್, ಹತ್ತಿರದ ಟಾರ್ಚ್, ಕಪ್ಪಾಗದೆ ಏನು ಮಾಡುತ್ತದೆ? ಮಧ್ಯಾಹ್ನದ ಹೊತ್ತು ಹೋಗಿ. ಸ್ಯಾಂಪಲ್ ಲೆನ್ಸ್ ಕೇಳಿ ಇಸಿದುಕೊಂಡು ರಸ್ತೆಗೆ ಬನ್ನಿ, ಬಿಸಿಲಲ್ಲಿ ಚೆನ್ನಾಗಿ ಕಾಯಿಸಿ. ಆಮೇಲೆ ಒಳಗೆ ಹೋಗಿ ಅದನ್ನು ಬಿಳಿ ಕಾಗದದ ಮೇಲಿಟ್ಟು, ಗೋಡೆ ಗಡಿಯಾರ ನೋಡುತ್ತಾ ಕೂತುಕೊಳ್ಳಿ. ಅಂಗಡಿಯ ಹುಡುಗ ಕಾಫಿ ತರಿಸಿದರೆ ಕುಡಿಯಿರಿ, ಅಷ್ಟು ಹೊತ್ತು ಬೇಕಾಗುತ್ತದೆ.